ಗೋಡೆಯ ಮೇಲಿನ ಲ್ಯಾನ್ ಪೋರ್ಟು: ಯಾರು ಬೇಕಾದರೂ ಚುಚ್ಚಬಹುದೇ?

ಶಿರಸಿ ಪೇಟೆಯ ಯಾವುದಾದರೂ ಸೊಸೈಟಿ ಕಚೇರಿಯನ್ನು ನೆನಪು ಮಾಡಿಕೊಳ್ಳಿ. ಕುಮಟಾದ ನರ್ಸಿಂಗ್ ಹೋಮ್ ಆದರೂ ಸರಿ, ಕಾರವಾರದ ಕಾಲೇಜು ಆದರೂ ಸರಿ. ಜನ ಕಾಯುತ್ತ ಕೂರುವ ಬೆಂಚಿನ ಹಿಂದೆ, ಗೋಡೆಯ ಬುಡದಲ್ಲಿ ಒಂದು ಬಿಳಿ ಐಒ ಬಾಕ್ಸ್, ಅಂದರೆ ಲ್ಯಾನ್ (ಕಚೇರಿಯೊಳಗಿನ ನೆಟ್‌ವರ್ಕ್) ಕೇಬಲ್ ಚುಚ್ಚುವ ಡಬ್ಬಿ, ಇರುತ್ತದೆ. ಕಟ್ಟಡ ಕಟ್ಟುವಾಗ ಅಲ್ಲೊಂದು ಕಂಪ್ಯೂಟರ್ ಇಡುವ ಯೋಚನೆ ಇತ್ತು. ಆಮೇಲೆ ಕೌಂಟರ್ ಬೇರೆ ಕಡೆ ಹೋಯಿತು, ಬಾಕ್ಸ್ ಅಲ್ಲೇ ಉಳಿಯಿತು. ಅದರ ಹಿಂದಿನ ಕೇಬಲ್ ಇವತ್ತಿಗೂ ಒಳಗಿನ ರಾಕ್‌ನಲ್ಲಿರುವ (ನೆಟ್‌ವರ್ಕ್ ಸಾಮಾನು ಇಡುವ ಕಪಾಟು) ಸ್ವಿಚ್ಚಿಗೆ, ಅಂದರೆ ಕಚೇರಿಯ ಲ್ಯಾನ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ, ಸೇರಿಕೊಂಡೇ ಇರುತ್ತದೆ. ಲ್ಯಾಪ್‌ಟಾಪ್ ತಂದು ಅಲ್ಲಿ ಕೇಬಲ್ ಚುಚ್ಚಿದರೆ ಕೆಲವೇ ಸೆಕೆಂಡಿನಲ್ಲಿ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಮಾತಾಡಲು ಬೇಕಾದ ವಿಳಾಸ, ಸಿಗುತ್ತದೆ. ನೀವು ಯಾರು, ಇದು ಯಾರ ಮಷೀನು ಅಂತ ಯಾರೂ ಕೇಳುವುದಿಲ್ಲ.

ವೈಫೈಗೆ ನಾವು ಪಾಸ್‌ವರ್ಡ್ ಹಾಕುತ್ತೇವೆ. ಬಂದವರಿಗೆಲ್ಲ ಅದನ್ನು ಕೊಡಬೇಡಿ ಅಂತ ಸಿಬ್ಬಂದಿಗೆ ಹೇಳುತ್ತೇವೆ. ಇಂಟರ್ನೆಟ್ ಒಳಗೆ ಬರುವ ಜಾಗದಲ್ಲಿ, ಬರುವುದನ್ನು ಸೋಸುವ ಫೈರ್‌ವಾಲ್ ಇಟ್ಟು ಪ್ರತಿ ವರ್ಷ ಅದರ ಲೈಸೆನ್ಸ್‌ಗೆ ದುಡ್ಡು ಕಟ್ಟುತ್ತೇವೆ. ಕೇಬಲ್ ವಿಷಯಕ್ಕೆ ಬಂದರೆ ಮಾತ್ರ ಕಟ್ಟಡದ ಒಳಗೆ ಇರುವವರೆಲ್ಲ ನಮ್ಮವರೇ ಅಂತ ನಂಬಿ ಕೂರುತ್ತೇವೆ. ಆ ನಂಬಿಕೆಗೆ ಆಧಾರ ಇಲ್ಲ. ಬೆಂಚಿನ ಮೇಲೆ ಕೂತವರು ಸಾಲಗಾರರು, ರೋಗಿಯ ಕಡೆಯವರು, ಕೊರಿಯರ್ ತಂದವರು, ಎಸಿ ರಿಪೇರಿಗೆ ಬಂದವರು.

ಇದನ್ನು ತಡೆಯುವ ವ್ಯವಸ್ಥೆ ಹೊಸದೇನಲ್ಲ. ಮ್ಯಾನೇಜಬಲ್, ಅಂದರೆ ನಾವು ಸೆಟ್ಟಿಂಗ್ ಬದಲಿಸಬಹುದಾದ, ಸ್ವಿಚ್ಚುಗಳಲ್ಲಿ ಅದು ಇರುತ್ತದೆ, ಹಲವು ಕಚೇರಿಗಳು ಅದಕ್ಕೆ ಆಗಲೇ ದುಡ್ಡನ್ನೂ ಕೊಟ್ಟಿವೆ. ಆದರೂ ನಮ್ಮ ಕಡೆ ಅದು ಬಳಕೆಗೆ ಬರುವುದಿಲ್ಲ, ಬಂದರೂ ಉಳಿಯುವುದಿಲ್ಲ. ಯಾಕೆ ಅಂತ ನೋಡಿದರೆ ಕಾರಣ ಸ್ವಿಚ್ಚಿನಲ್ಲಿ ಇಲ್ಲ. ಆ ವ್ಯವಸ್ಥೆ ಪೋರ್ಟನ್ನು ಬಂದ್ ಮಾಡಿದ ದಿನ ಅದನ್ನು ಮತ್ತೆ ತೆರೆಯುವವರು ಊರಲ್ಲಿ ಇರುವುದಿಲ್ಲ, ಅದು ಕಾರಣ.

ಮೊದಲು ಸ್ವಿಚ್ಚು ಏನು ಮಾಡುತ್ತದೆ ನೋಡೋಣ. ಪ್ರತಿ ಲ್ಯಾನ್ ಕಾರ್ಡಿಗೂ ಒಂದು ಮ್ಯಾಕ್ ಅಡ್ರೆಸ್ ಇರುತ್ತದೆ. 48 ಬಿಟ್‌ನ ಸಂಖ್ಯೆ ಅದು. ಬರೆಯುವಾಗ 12 ಅಂಕಿ-ಅಕ್ಷರಗಳಾಗಿ ಬರೆಯುತ್ತಾರೆ. ಮೊದಲ ಅರ್ಧ ತಯಾರಿಸಿದ ಕಂಪನಿಯ ಗುರುತು, ಉಳಿದರ್ಧ ಆ ಕಾರ್ಡಿನದ್ದು. ಯಾವ ಪೋರ್ಟಿನಿಂದ ಯಾವ ಮ್ಯಾಕ್ ಅಡ್ರೆಸ್‌ನ ಮಾತು ಬರುತ್ತಿದೆ ಅನ್ನುವುದನ್ನು ಸ್ವಿಚ್ಚು ಗಮನಿಸಿ ಒಂದು ಪಟ್ಟಿ ಮಾಡಿಕೊಳ್ಳುತ್ತದೆ. ಮುಂದೆ ಆ ಅಡ್ರೆಸ್‌ಗೆ ಏನಾದರೂ ಬಂದರೆ ಅದೇ ಪೋರ್ಟಿಗೆ ಮಾತ್ರ ಕಳಿಸುತ್ತದೆ. ಪಟ್ಟಿಯಲ್ಲಿ ಇಲ್ಲದ ಅಡ್ರೆಸ್ ಆದರೆ ಎಲ್ಲ ಪೋರ್ಟಿಗೂ ಕಳಿಸಿಬಿಡುತ್ತದೆ. ಸ್ವಲ್ಪ ಹೊತ್ತು ಸುದ್ದಿ ಇಲ್ಲದ ಅಡ್ರೆಸ್ ಅನ್ನು ಪಟ್ಟಿಯಿಂದ ತೆಗೆಯುತ್ತದೆ. ಸಿಸ್ಕೋ ಕಂಪನಿಯ ಸ್ವಿಚ್ಚುಗಳಲ್ಲಿ ಈ ಅವಧಿ ಸಾಮಾನ್ಯವಾಗಿ 300 ಸೆಕೆಂಡು.

ಇಷ್ಟರಲ್ಲಿ ಎಲ್ಲೂ ಅನುಮತಿ ಅನ್ನುವ ಮಾತೇ ಬರಲಿಲ್ಲ, ಅಲ್ವಾ? ಸ್ವಿಚ್ಚು ಯಾರನ್ನೂ ಪರೀಕ್ಷೆ ಮಾಡುವುದಿಲ್ಲ, ಬಂದವರ ಅಡ್ರೆಸ್ ಬರೆದುಕೊಳ್ಳುತ್ತದೆ ಅಷ್ಟೇ. ಬರೆದುಕೊಳ್ಳಲು ಜಾಗಕ್ಕೂ ಮಿತಿ ಇದೆ. ಒಂದು ಲ್ಯಾಪ್‌ಟಾಪಿನಿಂದ ಸಾವಿರಾರು ಸುಳ್ಳು ಅಡ್ರೆಸ್ ಕಳಿಸಿ ಪಟ್ಟಿ ತುಂಬಿಸಿದರೆ, ಸ್ವಿಚ್ಚು ಹೊಸ ಅಡ್ರೆಸ್ ಕಲಿಯಲಾಗದೆ ಒಬ್ಬರಿಗೆ ಹೋಗಬೇಕಾದ ಮಾಹಿತಿಯನ್ನು ಎಲ್ಲ ಪೋರ್ಟಿಗೂ ಹರಡಲು ಶುರು ಮಾಡುತ್ತದೆ. ಈ ದಾಳಿ ಮಾಡುವ ಸಾಫ್ಟ್‌ವೇರ್ ಎರಡು ದಶಕಕ್ಕಿಂತ ಹಿಂದಿನಿಂದಲೂ ಉಚಿತವಾಗಿ ಸಿಗುತ್ತಿದೆ.

ಗೋಡೆಯ ಪೋರ್ಟಿನಿಂದ ನಿಜವಾಗಿ ಏನು ಅನಾಹುತ ಆಗಬಹುದು? ಎರಡು ಘಟನೆ ಹೇಳುತ್ತೇನೆ. ಸೈಬರ್ ಭದ್ರತೆಯ ಕ್ಯಾಸ್ಪರ್‌ಸ್ಕಿ ಕಂಪನಿ 2018ರ ಡಿಸೆಂಬರ್‌ನಲ್ಲಿ ಒಂದು ತನಿಖೆಯ ವಿವರ ಹೊರಗೆ ಬಿಟ್ಟಿತು. ಪೂರ್ವ ಯುರೋಪಿನ ಕನಿಷ್ಠ ಎಂಟು ಬ್ಯಾಂಕುಗಳಲ್ಲಿ ಒಂದೇ ಬಗೆಯ ಕಳ್ಳತನ ನಡೆದಿತ್ತು. ಕೊರಿಯರ್ ಹುಡುಗನ ವೇಷದಲ್ಲೋ, ಕೆಲಸ ಕೇಳಿಕೊಂಡು ಬಂದವನ ಹಾಗೋ ಒಬ್ಬ ಒಳಗೆ ಹೋಗುತ್ತಾನೆ. ಮೀಟಿಂಗ್ ರೂಮಿನಂಥ ಜಾಗದಲ್ಲಿ ಒಂದು ಸಣ್ಣ ಸಾಧನವನ್ನು ಲ್ಯಾನಿಗೆ ಸೇರಿಸಿ ಬರುತ್ತಾನೆ. ಅದು ಅಗ್ಗದ ಲ್ಯಾಪ್‌ಟಾಪ್ ಇರಬಹುದು, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇರಬಹುದು. ಅದಕ್ಕೆ ಮೊಬೈಲ್ ಡೇಟಾದ ಮೋಡೆಮ್ ಸೇರಿಸಿರುತ್ತಾರೆ. ಅಲ್ಲಿಂದ ಮುಂದಿನ ಕೆಲಸ ಎಲ್ಲ ದೂರದಿಂದ. ಬ್ಯಾಂಕಿನ ಫೈರ್‌ವಾಲ್ ಈ ದಾರಿಯನ್ನು ನೋಡುವುದೇ ಇಲ್ಲ, ಯಾಕೆಂದರೆ ಕಳ್ಳ ಬಂದದ್ದು ಆ ಬಾಗಿಲಿನಿಂದ ಅಲ್ಲ. ನಷ್ಟ ಕೋಟ್ಯಂತರ ಡಾಲರ್.

ಇನ್ನೊಂದು ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯದು. ಅಲ್ಲಿಯ ನೆಟ್‌ವರ್ಕಿಗೆ ಅನುಮತಿ ಇಲ್ಲದೆ ಜೋಡಿಸಿದ್ದ ರಾಸ್ಪ್‌ಬೆರಿ ಪೈ ಒಂದು 2018ರಲ್ಲಿ ಪತ್ತೆಯಾದ ದಾಳಿಗೆ ಗುರಿಯಾಗಿತ್ತು. 23 ಫೈಲುಗಳಿಂದ ಸುಮಾರು 500 ಎಂಬಿ ಮಾಹಿತಿ ಹೋಯಿತು. ದಾಳಿಕೋರರು ಹತ್ತು ತಿಂಗಳ ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನೆಟ್‌ವರ್ಕಿನಲ್ಲಿ ಏನೇನು ಸೇರಿಕೊಂಡಿದೆ ಅನ್ನುವ ಪಟ್ಟಿಯೇ ಪೂರ್ತಿ ಇರಲಿಲ್ಲ ಅಂತ ನಾಸಾದ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ 2019ರ ವರದಿ ಹೇಳಿದೆ. ಮಂಗಳ ಗ್ರಹಕ್ಕೆ ರೋವರ್ ಕಳಿಸುವ ಸಂಸ್ಥೆಯಲ್ಲೇ ಪಟ್ಟಿ ಸರಿ ಇರಲಿಲ್ಲ ಅಂದಮೇಲೆ ನಮ್ಮ ಕಚೇರಿಗಳಲ್ಲಿ ಇಲ್ಲದಿದ್ದರೆ ನಾಚಿಕೆಪಡಬೇಕಿಲ್ಲ. ಆದರೆ ಇವತ್ತೇ ಶುರು ಮಾಡಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದಿನಾ ತೊಂದರೆ ಕೊಡುವುದು ಇಂಥ ದೊಡ್ಡ ಕಳ್ಳತನ ಅಲ್ಲ. ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಯಾರೋ ಒಬ್ಬರು ಮನೆಯಿಂದ ಹಳೇ ವೈಫೈ ರೌಟರ್ ತರುತ್ತಾರೆ. ತಮ್ಮ ರೂಮಿನಲ್ಲಿ ಸಿಗ್ನಲ್ ಬರಲಿ ಅಂತ ಅದರ ಲ್ಯಾನ್ ಪೋರ್ಟಿಗೆ ಗೋಡೆಯ ಕೇಬಲ್ ಚುಚ್ಚುತ್ತಾರೆ. ಮನೆ ರೌಟರಿನಲ್ಲಿ ಡಿಎಚ್‌ಸಿಪಿ ಆನ್ ಇರುತ್ತದೆ. ಅಂದರೆ ಐಪಿ ಅಡ್ರೆಸ್ ಹಂಚುವ ಕೆಲಸವನ್ನು ಅದೂ ಶುರು ಮಾಡುತ್ತದೆ. ಕಚೇರಿಯ ಕಂಪ್ಯೂಟರ್‌ಗಳು ಯಾರು ಮೊದಲು ಉತ್ತರ ಕೊಡುತ್ತಾರೋ ಅವರಿಂದ ಅಡ್ರೆಸ್ ತೆಗೆದುಕೊಳ್ಳುತ್ತವೆ. ಅರ್ಧ ಕಂಪ್ಯೂಟರ್‌ಗಳಿಗೆ ಸರಿಯಾದ ಅಡ್ರೆಸ್, ಇನ್ನರ್ಧಕ್ಕೆ 192.168.0ರಿಂದ ಶುರುವಾಗುವ ಮನೆಯ ಅಡ್ರೆಸ್. ಆಸ್ಪತ್ರೆಯಲ್ಲಾದರೆ ಬಿಲ್ಲಿಂಗ್ ನಡೆಯುತ್ತದೆ, ಲ್ಯಾಬ್ ರಿಪೋರ್ಟ್ ಬರುವುದಿಲ್ಲ. ಒಂದು ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ, ಪಕ್ಕದ್ದು ಕೆಡುತ್ತದೆ. ಹೀಗೆ ಒಂದಿಡೀ ದಿನ ಹಾಳಾಗುತ್ತದೆ. ಲೂಪ್ ಆದರಂತೂ, ಅಂದರೆ ಮಾಹಿತಿ ಅಲ್ಲಲ್ಲೇ ಸುತ್ತತೊಡಗಿದರಂತೂ, ಇನ್ನೂ ಕಷ್ಟ. ಮೇಜಿನ ಕೆಳಗಿನ ಐದು ಪೋರ್ಟಿನ ಸ್ವಿಚ್ಚಿಗೆ ಒಂದೇ ಕೇಬಲಿನ ಎರಡೂ ತುದಿ ಯಾರೋ ಸೇರಿಸಿಬಿಟ್ಟರೆ ಸಾಕು, ಇಡೀ ಕಟ್ಟಡದ ನೆಟ್‌ವರ್ಕ್ ನಿಂತುಹೋಗುತ್ತದೆ.

ಇದಕ್ಕೆಲ್ಲ ಒಂದು ಔಷಧ ಪೋರ್ಟ್ ಸೆಕ್ಯುರಿಟಿ. ಈ ಪೋರ್ಟಿನಲ್ಲಿ ಇಷ್ಟೇ ಮ್ಯಾಕ್ ಅಡ್ರೆಸ್ ಇರಬಹುದು, ಇಂಥದ್ದೇ ಇರಬೇಕು ಅಂತ ಸ್ವಿಚ್ಚಿಗೆ ಹೇಳಿಡುವುದು. ಸಿಸ್ಕೋದಲ್ಲಿ ಸುಮ್ನೆ ಆನ್ ಮಾಡಿದರೆ ಒಂದು ಪೋರ್ಟಿಗೆ ಒಂದೇ ಅಡ್ರೆಸ್. ಎಲ್ಲ ಅಡ್ರೆಸ್‌ಗಳನ್ನು ಕೈಯಲ್ಲಿ ಟೈಪ್ ಮಾಡಬೇಕಿಲ್ಲ. ಸ್ಟಿಕಿ ಅನ್ನುವ ಆಯ್ಕೆ ಇದೆ. ಮೊದಲು ಬಂದ ಸಾಧನದ ಅಡ್ರೆಸ್ ಅನ್ನು ಸ್ವಿಚ್ಚೇ ಕಲಿತು ತನ್ನ ಕಾನ್ಫಿಗರೇಷನ್‌ಗೆ (ಸೆಟ್ಟಿಂಗುಗಳ ಪಟ್ಟಿ) ಅಂಟಿಸಿಕೊಳ್ಳುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಅಂಟಿಸಿಕೊಂಡ ಮೇಲೆ ಕಾನ್ಫಿಗರೇಷನ್ ಸೇವ್ ಮಾಡಬೇಕು. ಮಾಡದಿದ್ದರೆ ಕರೆಂಟ್ ಹೋಗಿ ಯುಪಿಎಸ್ ಕೂಡ ಖಾಲಿಯಾಗಿ ಸ್ವಿಚ್ಚು ಮತ್ತೆ ಶುರುವಾದಾಗ ಕಲಿತದ್ದೆಲ್ಲ ಮರೆತಿರುತ್ತದೆ. ಆಗ ಮೊದಲು ಚುಚ್ಚಿದವರೇ ಯಜಮಾನರು. ಮಳೆಗಾಲದಲ್ಲಿ ಕರೆಂಟ್ ಹೇಗಿರುತ್ತದೆ ಅಂತ ಸಿದ್ದಾಪುರ, ಯಲ್ಲಾಪುರದವರಿಗೆ ಹೇಳಬೇಕಾ?

ಬೇರೆ ಅಡ್ರೆಸ್ ಬಂದರೆ ಏನು ಮಾಡಬೇಕು ಅನ್ನುವುದಕ್ಕೆ ಮೂರು ದಾರಿ ಇವೆ. ಶಟ್‌ಡೌನ್ ಅಂದರೆ ಪೋರ್ಟನ್ನೇ ಬಂದ್ ಮಾಡುವುದು. ಯಾರಾದರೂ ಬಂದು ತೆರೆಯುವ ತನಕ ಅದು ಸತ್ತಂತೆಯೇ. ಅಸಲಿ ಕಂಪ್ಯೂಟರನ್ನು ವಾಪಸ್ ಚುಚ್ಚಿದರೂ ಜೀವ ಬರುವುದಿಲ್ಲ. ಸಿಸ್ಕೋದಲ್ಲಿ ನಾವೇನೂ ಹೇಳದಿದ್ದರೆ ಇದೇ ಜಾರಿಯಲ್ಲಿರುತ್ತದೆ. ರಿಸ್ಟ್ರಿಕ್ಟ್ ಅಂದರೆ ಪೋರ್ಟ್ ತೆರೆದೇ ಇಟ್ಟು, ಹೊಸಬರ ಮಾಹಿತಿಯನ್ನು ಮಾತ್ರ ಎಸೆದು, ಹೀಗಾಯಿತು ಅಂತ ಲಾಗ್‌ನಲ್ಲಿ ಬರೆಯುವುದು. ಪ್ರೊಟೆಕ್ಟ್ ಕೂಡ ಎಸೆಯುತ್ತದೆ, ಆದರೆ ಯಾರಿಗೂ ಹೇಳುವುದಿಲ್ಲ. ನನ್ನ ಪ್ರಕಾರ ಸಣ್ಣ ಊರಿನ ಕಚೇರಿಗಳು ಈ ಮೂರನೆಯದನ್ನು ಮುಟ್ಟಲೇಬಾರದು. ಕಂಪ್ಯೂಟರಿನಲ್ಲಿ ಕೇಬಲ್ ಲೈಟ್ ಉರಿಯುತ್ತಿರುತ್ತದೆ, ನೆಟ್‌ವರ್ಕ್ ಬರುವುದಿಲ್ಲ. ಕಾರಣ ಎಲ್ಲೂ ದಾಖಲಾಗಿರುವುದಿಲ್ಲ. ಹುಡುಕುವವರು ಕೇಬಲ್ ಬದಲಿಸುತ್ತಾರೆ, ಅದರ ತುದಿಯ ಪ್ಲಗ್ ಮತ್ತೆ ಕ್ರಿಂಪ್ ಮಾಡುತ್ತಾರೆ, ವಿಂಡೋಸ್ ಹೊಸದಾಗಿ ಹಾಕುತ್ತಾರೆ.

ಈಗ ನಮ್ಮ ಊರಿನ ವಿಷಯಕ್ಕೆ ಬರೋಣ. ಘಟ್ಟದ ಮೇಲೆ ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು-ಸಿಡಿಲು. ಮಳೆ ಹೋಗುವಾಗ ಅಕ್ಟೋಬರ್‌ನಲ್ಲಿ ಮತ್ತೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಕಚೇರಿಯಿಂದ ಗೋದಾಮಿಗೆ ತಾಮ್ರದ ಲ್ಯಾನ್ ಕೇಬಲ್ ಎಳೆದಿರುವ ಕಡೆ ಸಿಡಿಲಿನ ಹೊಡೆತ ನೇರ ಲ್ಯಾನ್ ಕಾರ್ಡಿಗೆ ಬರುತ್ತದೆ. ಕಂಪ್ಯೂಟರ್ ಬದುಕುತ್ತದೆ, ಲ್ಯಾನ್ ಪೋರ್ಟ್ ಮಾತ್ರ ಸುಟ್ಟುಹೋಗುತ್ತದೆ. ಮದರ್‌ಬೋರ್ಡ್ ಬದಲಿಸುವುದಕ್ಕಿಂತ ಯುಎಸ್‌ಬಿಗೆ ಹಾಕುವ ಲ್ಯಾನ್ ಅಡಾಪ್ಟರ್ ಅಗ್ಗ. ಪೇಟೆಯ ಕಂಪ್ಯೂಟರ್ ಅಂಗಡಿಯವರು ಅದನ್ನು ಹಾಕಿ ಕೊಡುತ್ತಾರೆ. ಹಾಗೆ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಮ್ಯಾಕ್ ಅಡ್ರೆಸ್ ಇರುವುದು ಕಂಪ್ಯೂಟರಿಗೆ ಅಲ್ಲ, ಲ್ಯಾನ್ ಕಾರ್ಡಿಗೆ. ಅಡಾಪ್ಟರ್ ಹಾಕಿದ ಕೂಡಲೇ ಅದೇ ಕಂಪ್ಯೂಟರ್ ಸ್ವಿಚ್ಚಿನ ಕಣ್ಣಿಗೆ ಅಪರಿಚಿತ. ಪೋರ್ಟ್ ಬಂದ್.

ಬೆಳಿಗ್ಗೆ ಹತ್ತು ಗಂಟೆ. ಅಡಿಕೆ ದುಡ್ಡು ತೆಗೆಯಲು ಬಂದವರು ಸಾಲಾಗಿ ನಿಂತಿದ್ದಾರೆ. ಎರಡನೇ ಕೌಂಟರ್ ಕೆಲಸ ಮಾಡುತ್ತಿಲ್ಲ. ಮ್ಯಾನೇಜರ್ ಫೋನ್ ಮಾಡುವುದು ಸ್ವಿಚ್ಚು ಹಾಕಿಕೊಟ್ಟ ಹುಬ್ಬಳ್ಳಿಯ ವೆಂಡರಿಗೆ.

"ಕೇಬಲ್ ಲೈಟೇ ಬರ್ತಾ ಇಲ್ಲ ಮಾರಾಯ್ರೇ, ಜನ ಕೂಗ್ತಾ ಇದ್ದಾರೆ."

"ಸರ್, ಪೋರ್ಟ್ ಸೆಕ್ಯುರಿಟಿ ಹಾಕಿದ್ವಲ್ಲ, ಅದು ಹಿಡಿದಿದೆ. ನೀವು ಹೇಳಿದ್ರೆ ಎಲ್ಲಾ ಪೋರ್ಟಿಗೂ ತೆಗೆದುಬಿಡ್ತೀನಿ."

"ತೆಗೀರಿ, ತೆಗೀರಿ."

ಇಂಥ ಒಂದು ಫೋನ್ ಕರೆಗೆ ಇಡೀ ಕಟ್ಟಡದ ರಕ್ಷಣೆ ಹೋಗುತ್ತದೆ. ಮತ್ತೆ ಹಾಕುವ ಮಾತನ್ನು ಯಾರೂ ಎತ್ತುವುದಿಲ್ಲ. ಇದರಲ್ಲಿ ಮ್ಯಾನೇಜರನ್ನು ದೂರಿ ಪ್ರಯೋಜನ ಇಲ್ಲ. ಅವರ ಮುಂದೆ ಜನ ನಿಂತಿದ್ದಾರೆ. ವೆಂಡರಿನದೂ ತಪ್ಪಿಲ್ಲ. ಹುಬ್ಬಳ್ಳಿಯಿಂದ ಶಿರಸಿಗೆ ನೂರು ಕಿಲೋಮೀಟರಿನಷ್ಟು ದಾರಿ. ಒಂದು ಪೋರ್ಟಿಗಾಗಿ ಅವರು ಬರಲಾರರು. ಕರಾವಳಿಯಲ್ಲಿ ಮಳೆಗಾಲದಲ್ಲಿ ಇದು ಇನ್ನೂ ಕಷ್ಟ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನರ ಜೀವ ಹೋಯಿತು. ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯಿತು. ಆ ದುಃಖದ ಮುಂದೆ ಸ್ವಿಚ್ಚಿನ ಮಾತು ತೀರಾ ಸಣ್ಣದು, ಗೊತ್ತು. ಆದರೂ ಅಂಥ ದಿನಗಳಲ್ಲಿ ಆಸ್ಪತ್ರೆಯ ನೆಟ್‌ವರ್ಕ್ ನಿಲ್ಲಬಾರದು. ಅದನ್ನು ಸರಿ ಮಾಡುವವರು ರಸ್ತೆಯ ಆಚೆ ಬದಿಯಲ್ಲೇ ಉಳಿದಿದ್ದರೆ ಏನು ಮಾಡುವುದು ಅಂತ ಮೊದಲೇ ಯೋಚಿಸಿಟ್ಟುಕೊಳ್ಳಬೇಕು.

ಹಾಗಾಗಿ ಸಿಬ್ಬಂದಿ ದಿನಾ ಬಳಸುವ ಪೋರ್ಟಿಗೆ ರಿಸ್ಟ್ರಿಕ್ಟ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಹೊಸ ಸಾಧನ ಕೆಲಸ ಮಾಡುವುದಿಲ್ಲ, ಹಳೆಯದನ್ನು ವಾಪಸ್ ಹಾಕಿದರೆ ತಾನಾಗೇ ನಡೆಯುತ್ತದೆ, ಲಾಗ್‌ನಲ್ಲಿ ಗುರುತು ಉಳಿಯುತ್ತದೆ. ಶಟ್‌ಡೌನ್ ಬೇಕೇ ಬೇಕು ಅನ್ನುವ ಕಡೆ ತಾನಾಗಿ ಚೇತರಿಸಿಕೊಳ್ಳುವ ಆಯ್ಕೆಯನ್ನು ಆನ್ ಮಾಡಿ. ಸಿಸ್ಕೋದಲ್ಲಿ ಅದು ಆಫ್ ಆಗಿಯೇ ಬರುತ್ತದೆ, ಆನ್ ಮಾಡಿದರೆ 300 ಸೆಕೆಂಡಿಗೆ ಪೋರ್ಟ್ ಮತ್ತೆ ತೆರೆಯುತ್ತದೆ. ತಪ್ಪು ಸಾಧನ ಇನ್ನೂ ಅಲ್ಲೇ ಇದ್ದರೆ ಮತ್ತೆ ಮುಚ್ಚುತ್ತದೆ. ಐಪಿ ಫೋನಿನ ಹಿಂದೆ ಕಂಪ್ಯೂಟರ್ ಇದ್ದರೆ ಒಂದೇ ಪೋರ್ಟಿನಲ್ಲಿ ಎರಡು ಅಡ್ರೆಸ್ ಬರುತ್ತವೆ, ಕೆಲವು ಫೋನ್‌ಗಳಿಗೆ ಮೂರು ಬೇಕು. ಅಲ್ಲಿ ಮಿತಿಯನ್ನು ಅಷ್ಟಕ್ಕೆ ಏರಿಸಿ. ಕಿರಿಕಿರಿ ಬೇಡ ಅಂತ ಎಲ್ಲ ಪೋರ್ಟಿಗೂ ಐವತ್ತು ಅಂತ ಹಾಕುವವರು ಇದ್ದಾರೆ. ಅದು ಹಾಕದಿದ್ದಂತೆಯೇ.

ಮ್ಯಾಕ್ ಅಡ್ರೆಸ್ ನೋಡಿ ಒಳಗೆ ಬಿಡುವುದಕ್ಕೆ ಎಷ್ಟು ಬೆಲೆ ಇದೆ ಅನ್ನುವುದನ್ನೂ ಸರಿಯಾಗಿ ಅರಿತಿರಬೇಕು. ಅದು ಗಾಡಿಯ ನಂಬರ್ ಪ್ಲೇಟ್ ಇದ್ದ ಹಾಗೆ. ಎಲ್ಲರಿಗೂ ಕಾಣುತ್ತದೆ, ಬೇಕಾದವರು ಬದಲಿಸಬಹುದು. ಎಷ್ಟೋ ಪ್ರಿಂಟರುಗಳ ಹಿಂದಿನ ಸ್ಟಿಕರ್ ಮೇಲೆ ಮ್ಯಾಕ್ ಅಡ್ರೆಸ್ ಅಚ್ಚು ಹಾಕಿರುತ್ತಾರೆ. ಅದನ್ನು ನೋಡಿಕೊಂಡು ಲ್ಯಾಪ್‌ಟಾಪಿಗೆ ಅದೇ ಅಡ್ರೆಸ್ ಹಾಕಲು ಎರಡು ನಿಮಿಷ ಬೇಕಿಲ್ಲ. ಪ್ರಿಂಟರಿನ ಕೇಬಲ್ ಕಿತ್ತು ಲ್ಯಾಪ್‌ಟಾಪಿಗೆ ಚುಚ್ಚಿದರೆ ಸ್ವಿಚ್ಚಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪೋರ್ಟ್ ಸೆಕ್ಯುರಿಟಿ ಅರಿಯದೆ ಆಗುವ ಅವಾಂತರವನ್ನು ತಡೆಯುತ್ತದೆ, ಸುಮ್ನೆ ಕುತೂಹಲಕ್ಕೆ ಚುಚ್ಚುವವರನ್ನು ತಡೆಯುತ್ತದೆ, ಸ್ವಿಚ್ಚಿನ ಪಟ್ಟಿ ತುಂಬಿಸುವ ದಾಳಿಯನ್ನು ತಡೆಯುತ್ತದೆ. ತಯಾರಾಗಿ ಬಂದ ಕಳ್ಳನನ್ನು ತಡೆಯುವುದಿಲ್ಲ.

ಅಂಥವರಿಗಾಗಿ ಇರುವುದು 802.1ಎಕ್ಸ್ ಎಂಬ ತಾಂತ್ರಿಕ ಮಾನದಂಡ. ಐಇಇಇ ಸಂಸ್ಥೆ ಇದನ್ನು ಮೊದಲು ಹೊರತಂದದ್ದು 2001ರಲ್ಲಿ. ಇಲ್ಲಿ ಸಾಧನ ತನ್ನ ಗುರುತನ್ನು ಸಾಬೀತು ಮಾಡುವ ತನಕ ಪೋರ್ಟ್ ಬೇರೆ ಏನನ್ನೂ ಒಳಗೆ ಬಿಡುವುದಿಲ್ಲ. ಕಂಪ್ಯೂಟರ್ ತನ್ನ ಸರ್ಟಿಫಿಕೇಟ್ (ಡಿಜಿಟಲ್ ಗುರುತಿನ ಚೀಟಿ) ಅಥವಾ ಯೂಸರ್‌ನೇಮ್-ಪಾಸ್‌ವರ್ಡ್ ಕೊಡುತ್ತದೆ. ಸ್ವಿಚ್ಚು ಅದನ್ನು ರೇಡಿಯಸ್ ಅನ್ನುವ ಸರ್ವರಿಗೆ ದಾಟಿಸುತ್ತದೆ. ಸರ್ವರ್ ಸರಿ ಅಂದರೆ ಪೋರ್ಟ್ ತೆರೆಯುತ್ತದೆ. ಯಾರು ಅನ್ನುವುದರ ಮೇಲೆ ಯಾವ ವಿ-ಲ್ಯಾನ್‌ಗೆ (ಅದೇ ಸ್ವಿಚ್ಚಿನೊಳಗೆ ಬೇರೆ ಮಾಡಿದ ನೆಟ್‌ವರ್ಕ್) ಹಾಕಬೇಕು ಅಂತಲೂ ಹೇಳಬಹುದು. ವಿಂಡೋಸ್ ಸರ್ವರಿನಲ್ಲಿ ಇದಕ್ಕೆ ಬೇಕಾದ್ದು ಸಿಗುತ್ತದೆ. ದುಡ್ಡು ಇಲ್ಲದವರಿಗೆ ಫ್ರೀರೇಡಿಯಸ್, ಪ್ಯಾಕೆಟ್‌ಫೆನ್ಸ್ ಎಂಬ ಉಚಿತ ಸಾಫ್ಟ್‌ವೇರ್‌ಗಳೂ ಇವೆ.

ಸಾಫ್ಟ್‌ವೇರ್ ಉಚಿತ, ಆದರೆ ನೋಡಿಕೊಳ್ಳುವವರಿಗೆ ಸಂಬಳ ಕೊಡಬೇಕು. ಸರ್ಟಿಫಿಕೇಟಿಗೆ ಅವಧಿ ಇರುತ್ತದೆ. ಮುಗಿಯುವ ದಿನ ನೆನಪಿಟ್ಟು ಬದಲಿಸದಿದ್ದರೆ ಒಂದು ಬೆಳಿಗ್ಗೆ ಯಾವ ಕಂಪ್ಯೂಟರೂ ಒಳಗೆ ಬರುವುದಿಲ್ಲ. ರೇಡಿಯಸ್ ಸರ್ವರ್ ಮುಖ್ಯ ಕಚೇರಿಯಲ್ಲಿದ್ದು, ಜೋಯಿಡಾದ ಶಾಖೆಯ ಲಿಂಕ್ ಮರ ಬಿದ್ದು ಹೋಯಿತು ಅಂದುಕೊಳ್ಳಿ. ಆಗ ಶಾಖೆಯ ಸ್ವಿಚ್ಚು ಯಾರನ್ನು ಕೇಳಬೇಕು? ಸರ್ವರ್ ಸಿಗದಿದ್ದಾಗ ತಾತ್ಕಾಲಿಕವಾಗಿ ಒಂದು ಸೀಮಿತ ವಿ-ಲ್ಯಾನ್‌ಗೆ ಬಿಡುವ ವ್ಯವಸ್ಥೆ ಹಲವು ಸ್ವಿಚ್ಚುಗಳಲ್ಲಿದೆ. ಅದನ್ನು ಮೊದಲೇ ಹಾಕಿ, ಲಿಂಕ್ ಕಿತ್ತು ಪರೀಕ್ಷೆ ಮಾಡಿ ನೋಡಿರಬೇಕು. ಬೆರಳಚ್ಚಿನ ಹಾಜರಿ ಮಷೀನು, ಹಳೇ ಪ್ರಿಂಟರು, ಅಗ್ಗದ ಸಿಸಿಟಿವಿ ಕ್ಯಾಮೆರಾಗಳಿಗೆ 802.1ಎಕ್ಸ್ ಮಾತಾಡಲು ಬರುವುದೇ ಇಲ್ಲ. ಅವುಗಳಿಗೆ ಮತ್ತೆ ಮ್ಯಾಕ್ ಅಡ್ರೆಸ್ ನೋಡಿಯೇ ಬಿಡಬೇಕಾಗುತ್ತದೆ. ಕಳ್ಳ ಹುಡುಕುವುದೂ ಅಂಥ ಪೋರ್ಟನ್ನೇ.

ಈ ಬೀಗಕ್ಕೂ ದಾರಿ ಕಂಡುಕೊಂಡವರಿದ್ದಾರೆ. ಅಸಲಿ ಕಂಪ್ಯೂಟರ್ ಮತ್ತು ಗೋಡೆಯ ನಡುವೆ ಒಂದು ಸಣ್ಣ ಸಾಧನ ಇಟ್ಟು, ಗುರುತಿನ ಪರೀಕ್ಷೆಯನ್ನು ಅಸಲಿ ಕಂಪ್ಯೂಟರ್ ಕೈಲೇ ಮಾಡಿಸಿ, ಆಮೇಲೆ ಅದರ ಹೆಸರಲ್ಲಿ ತಾನು ನುಸುಳುವ ವಿಧಾನವನ್ನು 2011ರ ಡೆಫ್‌ಕಾನ್ ಹ್ಯಾಕರ್ ಸಮ್ಮೇಳನದಲ್ಲಿ ತೋರಿಸಲಾಯಿತು. ಅದನ್ನು ತಡೆಯಲು ಕೇಬಲ್ ಮೇಲಿನ ಮಾಹಿತಿಯನ್ನೇ ಗೂಢಲಿಪಿಗೆ ಹಾಕುವ ಮ್ಯಾಕ್‌ಸೆಕ್ ಬೇಕು. 2024ರಲ್ಲಿ ಬ್ಲಾಸ್ಟ್‌ರೇಡಿಯಸ್ ಎಂಬ ದೋಷ ಹೊರಬಿತ್ತು. ಮಾಹಿತಿಯನ್ನು ಯಾರೂ ತಿದ್ದಿಲ್ಲ ಅಂತ ಖಾತ್ರಿಪಡಿಸುವ ಹಳೇ ಎಂಡಿ5 ಲೆಕ್ಕಾಚಾರದ ದೌರ್ಬಲ್ಯ ಬಳಸಿ ರೇಡಿಯಸ್ ಸರ್ವರಿನ 'ಇಲ್ಲ' ಎಂಬ ಉತ್ತರವನ್ನು 'ಹೌದು' ಮಾಡಬಹುದು ಅಂತ ಸಂಶೋಧಕರು ತೋರಿಸಿದರು. ಇಎಪಿ ಎಂಬ ಗುರುತಿನ ಪರೀಕ್ಷೆಯ ವಿಧಾನ ಬಳಸುವ 802.1ಎಕ್ಸ್‌ಗೆ ಅದು ತಟ್ಟುವುದಿಲ್ಲ, ಆದರೆ ಮ್ಯಾಕ್ ಅಡ್ರೆಸ್ ನೋಡಿ ಬಿಡುವ ಕಡೆ ತಟ್ಟಬಹುದು. ಸರ್ವರ್ ಅಪ್‌ಡೇಟ್ ಮಾಡದೆ ಬಿಟ್ಟವರು ಈಗಲಾದರೂ ಮಾಡಬೇಕು.

ಕ್ಯಾಮೆರಾ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಜಾಸ್ತಿ ಜನರ ಗಮನಕ್ಕೆ ಬಂದಿಲ್ಲ. ಗೇಟಿನ ಪಕ್ಕ, ಕಾಂಪೌಂಡಿನ ಮೇಲೆ, ಗೋದಾಮಿನ ಹೊರಗೋಡೆಯಲ್ಲಿ ಐಪಿ ಕ್ಯಾಮೆರಾ ಹಾಕಿಸುತ್ತೇವೆ. ಅದರ ಬಾಲಕ್ಕೆ ಬಂದಿರುವುದು ಲ್ಯಾನ್ ಕೇಬಲ್ಲೇ. ಕೇಬಲ್ ಸೇರುವ ಜಾಗ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಳಗೆ ಇರುತ್ತದೆ, ಎಷ್ಟೋ ಕಡೆ ಡಬ್ಬಿಯೂ ಇಲ್ಲದೆ ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಅಂದರೆ ಕಚೇರಿಯ ಒಳಗಿನ ನೆಟ್‌ವರ್ಕ್ ಅನ್ನು ನಾವೇ ರಸ್ತೆಯ ಬದಿಗೆ ತಂದಿಟ್ಟಿದ್ದೇವೆ. ರಾತ್ರಿ ಒಂದು ಏಣಿ ಇದ್ದರೆ ಸಾಕು. ಬೀಗ ಹಾಕಿದ ಕಟ್ಟಡದ ಒಳಗೆ ಕಾಲಿಡಬೇಕಾಗಿಯೇ ಇಲ್ಲ. ಕ್ಯಾಮೆರಾಗಳನ್ನು ಬೇರೆಯೇ ವಿ-ಲ್ಯಾನ್‌ಗೆ ಹಾಕಿ, ಅಲ್ಲಿಂದ ಎನ್‌ವಿಆರ್ (ವಿಡಿಯೋ ರೆಕಾರ್ಡ್ ಮಾಡುವ ಪೆಟ್ಟಿಗೆ) ಬಿಟ್ಟು ಬೇರೆಲ್ಲಿಗೂ ದಾರಿ ಇಲ್ಲದಂತೆ ಮಾಡುವುದು ಇದಕ್ಕೆ ಪರಿಹಾರ. ಈ ಪೋರ್ಟುಗಳಿಗೆ ಮಾತ್ರ ನಾನು ಶಟ್‌ಡೌನ್ ಆಯ್ಕೆಯನ್ನೇ ಹೇಳುತ್ತೇನೆ, ತಾನಾಗಿ ತೆರೆಯುವುದೂ ಬೇಡ. ಕ್ಯಾಮೆರಾ ಒಂದು ದಿನ ಬಂದ್ ಆದರೆ ಕೌಂಟರ್ ನಿಲ್ಲುವುದಿಲ್ಲ.

ನಿಯಮ ಏನು ಹೇಳುತ್ತದೆ? ರಿಸರ್ವ್ ಬ್ಯಾಂಕ್ 2016ರ ಜೂನ್ 2ರ ಸುತ್ತೋಲೆಯಲ್ಲೇ ಬ್ಯಾಂಕುಗಳಿಗೆ ಹೇಳಿದೆ: ಅನುಮತಿ ಇಲ್ಲದ ಸಾಧನ ನೆಟ್‌ವರ್ಕಿಗೆ ಸೇರಿದರೆ ತಾನಾಗಿ ಗುರುತಿಸಿ ತಡೆಯುವ ವ್ಯವಸ್ಥೆ ಇರಬೇಕು. ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ 2018ರ ಅಕ್ಟೋಬರ್‌ನಲ್ಲಿ ಮೂಲ ಚೌಕಟ್ಟು ಬಂತು. 2019ರ ಡಿಸೆಂಬರ್ 31ರಂದು ಅವುಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿ, ಹಂತಕ್ಕೆ ತಕ್ಕ ಹೊಣೆ ಹೊರಿಸಿತು. ಆದರೆ ನಮ್ಮ ಹಳ್ಳಿಗಳ ಪ್ರಾಥಮಿಕ ಪತ್ತಿನ ಸಹಕಾರಿ ಸಂಘಗಳು ಈ ಸುತ್ತೋಲೆಗಳ ವ್ಯಾಪ್ತಿಗೆ ಬರುವುದಿಲ್ಲ. ದೇಶದ 63,000 ಇಂಥ ಸಂಘಗಳನ್ನು ಕಂಪ್ಯೂಟರೀಕರಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಂದರೆ ಹಿಂದೆ ಲೆಡ್ಜರ್ ಪುಸ್ತಕ ಇದ್ದ ಕಡೆಗೂ ಈಗ ರಾಕ್ ಬರುತ್ತದೆ, ಸ್ವಿಚ್ಚು ಬರುತ್ತದೆ, ಖಾಲಿ ಪೋರ್ಟೂ ಬರುತ್ತದೆ. ವೈಯಕ್ತಿಕ ಮಾಹಿತಿ ರಕ್ಷಣೆಯ 2023ರ ಕಾಯ್ದೆ ಭದ್ರತೆ ಸರಿಯಾಗಿ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಅನ್ನುತ್ತದೆ. ಅಷ್ಟು ದೊಡ್ಡ ಸಂಖ್ಯೆ ಕೇಳಿ ಸಣ್ಣ ಸಂಘದವರು ಹೆದರಬೇಕು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಇರುವುದು ನಮ್ಮದೇ ಅಪ್ಪ-ಅಮ್ಮನ ಆಧಾರ್, ಪಹಣಿ, ಸಾಲದ ಲೆಕ್ಕ. ಕಾಪಾಡುವುದಕ್ಕೆ ಅಷ್ಟೇ ಕಾರಣ ಸಾಕು.

ಲಾಗ್ ಬಗ್ಗೆ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್ 28ರ ಆದೇಶದಲ್ಲಿ ಹೇಳಿರುವುದು ಇಷ್ಟು: ಘಟನೆ ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಸ್ವಿಚ್ಚಿನ ಲಾಗ್ ಸಾಮಾನ್ಯವಾಗಿ ಅದರ ಮೆಮೊರಿಯಲ್ಲಿ ಇರುತ್ತದೆ, ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ನಮ್ಮಲ್ಲಿ 180 ದಿನ ಇರಲಿ, ಜುಲೈ ತಿಂಗಳಲ್ಲಿ ಒಂದು ವಾರ ಉಳಿದರೆ ಪುಣ್ಯ. ಮೂಲೆಯಲ್ಲಿ ಬಿದ್ದಿರುವ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಸ್ವಿಚ್ಚುಗಳ ಲಾಗ್ ಅದಕ್ಕೆ ಬರುವಂತೆ ಮಾಡಬಹುದು. ಹೊಸದಾಗಿ ಏನೂ ಕೊಳ್ಳಬೇಕಿಲ್ಲ.

ಇಷ್ಟೆಲ್ಲ ಆದಮೇಲೆ ಎಲ್ಲಿಂದ ಶುರು ಮಾಡಬೇಕು? ನಾನು ಹೇಳುವುದು ಪೋರ್ಟ್ ಸೆಕ್ಯುರಿಟಿಯಿಂದ ಅಲ್ಲ, ರಾಕ್‌ನ ಬಾಗಿಲಿನಿಂದ. ಒಂದು ಭಾನುವಾರ ಕೂತು ಯಾವ ಪೋರ್ಟ್ ಯಾವ ಕೋಣೆಗೆ ಹೋಗಿದೆ, ಅಲ್ಲಿ ಏನಿದೆ ಅಂತ ಬರೆಯಿರಿ. ಯಾರಿಗೂ ಗೊತ್ತಿಲ್ಲದ ಕೇಬಲ್ ಖಂಡಿತ ಸಿಗುತ್ತದೆ. ಬೆಂಚಿನ ಹಿಂದಿನ ಬಾಕ್ಸಿಗೆ ಹೋಗುವ ಪ್ಯಾಚ್ ಕಾರ್ಡನ್ನು (ರಾಕ್‌ನೊಳಗಿನ ತುಂಡು ಕೇಬಲ್) ಕಿತ್ತುಬಿಡಿ, ಆ ಪೋರ್ಟನ್ನು ಸ್ವಿಚ್ಚಿನಲ್ಲೂ ಆಫ್ ಮಾಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಮತ್ತು ಇದರಿಂದ ಯಾರೂ ಫೋನ್ ಮಾಡಿ ಬೈಯುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಇದೇ. ಆಮೇಲೆ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿ. ಅಸಲಿ ಸರ್ವರ್ ಇರುವ ಪೋರ್ಟ್ ಇದು ಅಂತ ಸ್ವಿಚ್ಚಿಗೆ ಹೇಳಿದರೆ, ಬೇರೆ ಪೋರ್ಟಿನಿಂದ ಅಡ್ರೆಸ್ ಹಂಚಲು ಬರುವ ಮನೆ ರೌಟರಿನ ಉತ್ತರವನ್ನು ಅದು ಎಸೆಯುತ್ತದೆ. ಲೂಪ್ ತಡೆಯುವ ಆಯ್ಕೆಯನ್ನೂ ಜೊತೆಗೇ ಹಾಕಿ. ಇವೆರಡರಿಂದ ದಿನನಿತ್ಯದ ಗೋಳು ತುಂಬ ಕಡಿಮೆಯಾಗುತ್ತದೆ. ಮೇಜಿನ ಕೆಳಗಿನ ಐದು ಪೋರ್ಟಿನ ಸಾದಾ ಸ್ವಿಚ್ಚುಗಳಲ್ಲಿ ಇದ್ಯಾವುದೂ ಇರುವುದಿಲ್ಲ. ಅವುಗಳ ಬದಲು ಎಂಟು ಪೋರ್ಟಿನ ಸ್ಮಾರ್ಟ್ ಸ್ವಿಚ್ಚು ಹಾಕಿದರೆ ಕೆಲವು ಸಾವಿರ ರೂಪಾಯಿಯಲ್ಲಿ ಆಗುತ್ತದೆ.

ಪೋರ್ಟ್ ಸೆಕ್ಯುರಿಟಿ ಬರಬೇಕಾದ್ದು ಇದಾದ ಮೇಲೆ. ಅದಕ್ಕೂ ಮೊದಲು ಊರಲ್ಲೇ ಇರುವ ಇಬ್ಬರಿಗೆ ಪೋರ್ಟ್ ತೆರೆಯುವುದನ್ನು ಕಲಿಸಬೇಕು. ಅಕೌಂಟೆಂಟ್ ಆಗಬಹುದು, ಲ್ಯಾಬ್ ಅಟೆಂಡರ್ ಆಗಬಹುದು. ಸ್ವಿಚ್ಚಿನ ವೆಬ್ ಪೇಜಿಗೆ ಹೋಗಿ, ಯಾವ ಪೋರ್ಟ್ ಏಕೆ ನಿಂತಿದೆ ನೋಡಿ, ಹಳೇ ಅಡ್ರೆಸ್ ಅಳಿಸಿ ಹೊಸದನ್ನು ಕಲಿಸಿ ಸೇವ್ ಮಾಡುವುದು ಒಂದು ಮಧ್ಯಾಹ್ನದಲ್ಲಿ ಕಲಿಯುವ ಕೆಲಸ. ಕಾರವಾರದ ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಇಂಥ ಕಾಲೇಜುಗಳ ಕೊನೇ ವರ್ಷದ ಹುಡುಗ-ಹುಡುಗಿಯರು ಪ್ರಾಜೆಕ್ಟ್ ಅಂತ ಒಂದೊಂದು ಸಂಘದ ಪೋರ್ಟ್ ಪಟ್ಟಿ ಮಾಡಿ, ಸಿಬ್ಬಂದಿಗೆ ಕಲಿಸಿ ಬಂದರೆ ಇಬ್ಬರಿಗೂ ಒಳ್ಳೇದು. 802.1ಎಕ್ಸ್ ಸದ್ಯಕ್ಕೆ ಸ್ವಂತ ಐಟಿ ಸಿಬ್ಬಂದಿ ಇರುವ ಮುಖ್ಯ ಕಚೇರಿಗಳಿಗೆ ಮತ್ತು ದೊಡ್ಡ ಆಸ್ಪತ್ರೆಗಳಿಗೆ ಸಾಕು. ನೋಡಿಕೊಳ್ಳುವವರಿಲ್ಲದ ಶಾಖೆಗೆ ಅದನ್ನು ತಳ್ಳಿದರೆ ಒಂದು ಸಿಡಿಲಿಗೆ ಎಲ್ಲ ತೆಗೆಸಿಬಿಡುತ್ತಾರೆ.

ಆಡಿಟ್‌ಗೆ ಬರುವವರು ಪೋರ್ಟ್ ಸೆಕ್ಯುರಿಟಿ ಇದೆಯಾ ಅಂತ ಕೇಳಿ ಹೌದು ಅಂದರೆ ಟಿಕ್ ಹಾಕಿ ಹೋಗುತ್ತಾರೆ. ಅವರು ಇನ್ನೆರಡು ಪ್ರಶ್ನೆ ಕೇಳಬೇಕು: ಕಳೆದ ಬಾರಿ ಪೋರ್ಟ್ ಬಂದ್ ಆದದ್ದು ಯಾವಾಗ, ತೆರೆದವರು ಯಾರು? ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು) ನವೀಕರಣ ಮಾಡುವಾಗ ಆಡಳಿತ ಮಂಡಳಿಯವರು ಕರಾರಿನಲ್ಲಿ ಮೂರು ವಾಕ್ಯ ಸೇರಿಸಬಹುದು. ಸ್ವಿಚ್ಚಿನ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಸಂಸ್ಥೆಯ ಕಪಾಟಿನಲ್ಲಿ ಇರಬೇಕು. ಯಾವುದೇ ಪೋರ್ಟಿನ ರಕ್ಷಣೆ ತೆಗೆದರೆ ವೆಂಡರ್ ಅದನ್ನು ಬರೆದು ತಿಳಿಸಿ, ಮೂರು ದಿನದೊಳಗೆ ಮತ್ತೆ ಹಾಕಬೇಕು. ಪೋರ್ಟ್ ಪಟ್ಟಿಯ ಒಂದು ಪ್ರತಿ ರಾಕ್ ಬಾಗಿಲಿನ ಒಳಬದಿಯಲ್ಲಿ ಅಂಟಿಸಿರಬೇಕು, ಅಡಾಪ್ಟರ್ ಬದಲಿಸಿದ ದಿನವೇ ಅದರಲ್ಲಿ ತಿದ್ದಬೇಕು.